ಹಾಲೋಗ್ರಾಮ್‌ಗೆ ಫೋಟೋಪಾಲಿಮರ್ ಒಳ್ಳೆಯದೋ, ಬೆಳ್ಳಿ ಹಾಲೈಡ್ ಒಳ್ಳೆಯದೋ?

ಮೊದಲ ಸಲ ಹಾಲೋಗ್ರಾಮ್ ಮಾಡುವವರಿಗೆ ನಾನು ಹೇಳುವುದು ಫೋಟೋಪಾಲಿಮರ್, ಅಂದರೆ ಬೆಳಕು ಬಿದ್ದಲ್ಲಿ ಅಣುಗಳು ಬೆಸೆದು ಪ್ಲಾಸ್ಟಿಕ್‌ನಂತಾಗುವ ವಸ್ತು. ಡೆವಲಪರ್, ಬ್ಲೀಚ್ ಎಂದು ಕತ್ತಲಲ್ಲಿ ಅದ್ದಿ ತೊಳೆಯುವ ರಗಳೆ ಸಿದ್ಧ ಫಿಲ್ಮ್‌ಗಳಲ್ಲಿ ಇಲ್ಲ. ಎರಡು ಲೇಸರ್ ಕಿರಣಗಳು ಕೂಡಿದಾಗ ಫಿಲ್ಮ್‌ನಲ್ಲಿ ಬೆಳಕು-ಕತ್ತಲೆಯ ಸೂಕ್ಷ್ಮ ಪಟ್ಟಿಗಳು ಮೂಡುತ್ತವೆ. ಬೆಳಕಿನ ಪಟ್ಟಿಗಳಲ್ಲಿ ಮಾನೊಮರ್ ಎಂಬ ಬಿಡಿ ಅಣುಗಳು ಸರಪಳಿಯಾಗಿ ಬೆಸೆದುಕೊಳ್ಳುತ್ತವೆ. ಕತ್ತಲೆ ಪಟ್ಟಿಗಳಲ್ಲಿದ್ದವು ಮೆಲ್ಲಗೆ ಬೆಳಕಿನ ಕಡೆ ಸರಿಯುತ್ತವೆ. ಹೀಗೆ ವಕ್ರೀಭವನ ಸೂಚ್ಯಂಕದಲ್ಲಿ (ವಸ್ತು ಬೆಳಕನ್ನು ಬಾಗಿಸುವ ಪ್ರಮಾಣ) ಮೂಡುವ ಏರುಪೇರೇ ಹಾಲೋಗ್ರಾಮ್. ಕೊನೆಗೆ ಅತಿನೇರಳೆ ಬೆಳಕು ಹಾಯಿಸಿದರೆ ಉಳಿದ ಬಣ್ಣ ಮಾಸಿ ಫಿಲ್ಮ್ ತಿಳಿಯಾಗುತ್ತದೆ. ಆ ಕ್ಷಣ ನೋಡುವಂಥದ್ದು!

ಆದರೆ ಲೇಸರ್ ದುರ್ಬಲವಾಗಿದ್ದರೆ ಬೆಳ್ಳಿ ಹಾಲೈಡ್ (ಹಳೆಯ ಫೋಟೋ ಫಿಲ್ಮ್‌ಗಳಲ್ಲಿರುವ ಬೆಳ್ಳಿಯ ಲವಣ) ತೆಗೆದುಕೊಳ್ಳಿ. ಪಾಲಿಮರ್‌ಗೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಹತ್ತಾರು ಮಿಲಿಜೂಲ್ ಬೆಳಕಿನ ಶಕ್ತಿ ಬೇಕು. ಬೆಳ್ಳಿಗೆ ಅದರ ಸಣ್ಣ ಪಾಲು ಸಾಕು. ದುರ್ಬಲ ಲೇಸರ್‌ನಲ್ಲಿ ಹೆಚ್ಚು ಶಕ್ತಿ ತುಂಬಲು ಎಕ್ಸ್‌ಪೋಷರ್ (ಬೆಳಕು ಬೀಳಿಸುವ ಸಮಯ) ಉದ್ದವಾಗುತ್ತದೆ. ಅದು ಉದ್ದವಾದಷ್ಟೂ ಅಪಾಯ: ವಸ್ತು ಅರ್ಧ ತರಂಗಾಂತರದಷ್ಟು ಅಲುಗಿದರೂ ಪಟ್ಟಿಗಳು ಅಳಿಸಿಹೋಗುತ್ತವೆ. ಕ್ಷಣಮಾತ್ರ ಮಿಂಚುವ ಪಲ್ಸ್ ಲೇಸರ್‌ನಲ್ಲಿ ಮನುಷ್ಯರ ಮುಖ ಹಿಡಿಯಲು ಬೆಳ್ಳಿಯೇ ವಾಡಿಕೆ.

ಪಾಲಿಮರ್‌ನ ಇನ್ನೊಂದು ಕೊರತೆ ಕುಗ್ಗುವಿಕೆ. ಪದರ ತುಸು ತೆಳುವಾದರೆ ಪ್ರತಿಫಲನ ಹಾಲೋಗ್ರಾಮ್‌ನ (ನೋಡುವ ಕಡೆಯಿಂದಲೇ ಬೆಳಕು ಬಿದ್ದು ಕಾಣುವಂಥದ್ದು) ಬಣ್ಣ ನೀಲಿಯತ್ತ ಜಾರುತ್ತದೆ.

ಹೊಳಪೊಂದೇ ಗುರಿಯಾದರೆ ಡೈಕ್ರೋಮೇಟ್ ಜೆಲಟಿನ್ (ಕ್ರೋಮಿಯಂ ಲವಣ ಬೆರೆಸಿದ ಜೆಲಟಿನ್ ಪದರ) ಇದೆ. ಆದರೆ ತೇವ ತಗುಲಿದರೆ ಚಿತ್ರವೇ ಮಾಯ, ಗಾಜಿನ ನಡುವೆ ಮುಚ್ಚಿಡಲೇಬೇಕು.

ಅಕ್ರಿಲಮೈಡ್ ಬೆರೆಸಿ ಪಾಲಿಮರ್ ಪದರ ನೀವೇ ಎರೆಯುವುದಾದರೆ ಕೈಗವಸು ಮರೆಯಬೇಡಿ. ಅದು ನರಗಳಿಗೆ ವಿಷ.