ಮೂರು ಸೀಸನ್ ಆದ ಮೇಲೆ: ನನ್ನ ಎಂಎಕ್ಸ್-5ಗೆ ಹಾಕಿದ ಏರ್‌ಬಾಕ್ಸ್

ನನ್ನದು 1999ರ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರು, 1.8 ಲೀಟರ್ ಎಂಜಿನ್. ಎಂಜಿನ್ನಿಗೆ ಗಾಳಿ ಹಂಚುವ ಮೂಲ ಮ್ಯಾನಿಫೋಲ್ಡ್ ತೆಗೆದು ನಾಲ್ಕು ಸಿಲಿಂಡರಿಗೂ ಒಂದೊಂದು ಥ್ರಾಟಲ್ ಬಾಡಿ (ಪೆಡಲ್ ಒತ್ತಿದಂತೆ ತೆರೆಯುವ ಗಾಳಿ ಬಾಗಿಲು, ಚಿಕ್ಕದಾಗಿ ಐಟಿಬಿ) ಕೂರಿಸಿದ್ದೇನೆ. ಇರುವುದು ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ. ವರ್ಷಕ್ಕೆ ಆರೇಳು ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳಿಗೆ, ಹೋಗುತ್ತೇನೆ. ಎಂಜಿನ್ ಗಾಳಿ ಎಳೆಯುವ ಬಾಯಿಗಳನ್ನು ಮುಚ್ಚುವ ಪೆಟ್ಟಿಗೆ, ಈ ಫೈಬರ್‌ಗ್ಲಾಸ್ ಏರ್‌ಬಾಕ್ಸ್, ಹಾಕಿ ಮೂರು ಸೀಸನ್ ಆಯಿತು.

ಇಲ್ಲಿನ ಟ್ರ್ಯಾಕ್‌ಗಳಲ್ಲಿ ಸದ್ದನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಬೆಳಿಗ್ಗೆ ನಿಂತ ಗಾಡಿಯ ಪರೀಕ್ಷೆ: ಎಕ್ಸಾಸ್ಟ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೀಟರ್ ಹಿಡಿದು ಎಂಜಿನ್ನನ್ನು ಅದರ ಗರಿಷ್ಠ ಆರ್‌ಪಿಎಂನ (ನಿಮಿಷಕ್ಕೆ ಸುತ್ತುಗಳ) ಮುಕ್ಕಾಲಿಗೆ ಏರಿಸುತ್ತಾರೆ. ಇನ್ನೊಂದು ಡ್ರೈವ್-ಬೈ, ಓಡುವಾಗ ಟ್ರ್ಯಾಕ್ ಪಕ್ಕದ ಮೈಕು ಅಳೆಯುವುದು. ಬೆಡ್‌ಫರ್ಡ್ ಆಟೋಡ್ರೋಮ್‌ನಲ್ಲಿ ಇದರ ಮಿತಿ 87.5 ಡೆಸಿಬೆಲ್. ಸುತ್ತ ಹಳ್ಳಿಗಳಿವೆ, ಅಲ್ಲಿನವರ ನೆಮ್ಮದಿ ಕೆಟ್ಟರೆ ಟ್ರ್ಯಾಕೇ ಉಳಿಯುವುದಿಲ್ಲ. ಹಾಗಾಗಿ ಈ ನಿಯಮದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ನನ್ನ ಗಾಡಿ ನಿಂತಾಗ 97 ತೋರಿಸಿ ಆರಾಮಾಗಿ ಪಾಸಾಗುತ್ತಿತ್ತು. ಟ್ರ್ಯಾಕಿಗಿಳಿದ ನಾಲ್ಕನೇ ಲ್ಯಾಪಿಗೆ ಕಪ್ಪು ಬಾವುಟ, ಅಂದರೆ ಟ್ರ್ಯಾಕ್ ಬಿಟ್ಟು ಬಾ ಅಂತ! 90 ದಾಟಿದೆ ಅಂದರು. ತಪ್ಪು ಸೈಲೆನ್ಸರಿನದು ಅಂದುಕೊಂಡು ಮುನ್ನೂರು ಪೌಂಡ್ ಕೊಟ್ಟು ದೊಡ್ಡದು ಹಾಕಿಸಿದೆ. ಮುಂದಿನ ತಿಂಗಳು ಮತ್ತೆ ಅದೇ ಬಾವುಟ, ಮಧ್ಯಾಹ್ನಕ್ಕೆ ಮನೆಗೆ. ಜೊತೆಗೆ ಬಂದಿದ್ದ ಹಾಸನದ ಗೆಳೆಯ ಬೇಲಿ ಹತ್ತಿರ ನಿಂತು ಕೇಳಿಸಿಕೊಂಡಿದ್ದ. ವಾಪಸ್ ಬರುವಾಗ ಹೇಳಿದ: "ಲೋ, ಗಾಡಿ ದಾಟಿ ಹೋದಮೇಲೆ ಅಷ್ಟು ಸದ್ದಿಲ್ಲ ಕಣೋ. ಎದುರಿಗೆ ಬರ್ತಾ ಇರುವಾಗಲೇ ಬೊಬ್ಬೆ ಹೊಡಿಯುತ್ತೆ."

ಅಲ್ಲಿಗೆ ನನಗೆ ಹೊಳೆಯಿತು. ಎಕ್ಸಾಸ್ಟ್ ಇರುವುದು ಹಿಂದೆ. ಮುಂದಿನಿಂದ ಬರುವ ಸದ್ದು ಗಾಳಿ ಎಳೆದುಕೊಳ್ಳುವ ಬಾಯಿಯದು. ನಿಂತ ಗಾಡಿಯಲ್ಲಿ ಲೋಡ್ ಇಲ್ಲ, 5000 ಆರ್‌ಪಿಎಂಗೂ ಥ್ರಾಟಲ್ ಒಂದಿಷ್ಟೇ ತೆರೆದಿರುತ್ತೆ, ಒಳಗಿನ ಸದ್ದು ಒಳಗೇ ಉಳಿಯುತ್ತೆ. ಟ್ರ್ಯಾಕಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ನಾಲ್ಕೂ ಬಾಗಿಲು ಹಾರು ಹೊಡೆದಂತೆ. ವಾಲ್ವ್ ತೆರೆದಾಗಿನ ಪ್ರತಿ ಬಡಿತವೂ ಟ್ರಂಪೆಟ್ಟಿನಿಂದ (ಥ್ರಾಟಲ್ ಬಾಡಿಯ ಕಹಳೆಯಾಕಾರದ ಬಾಯಿ) ನೇರ ಹೊರಗೆ. ಫೋಮ್ ಫಿಲ್ಟರ್ ಧೂಳು ತಡೆಯುತ್ತೆ, ಆ ದಪ್ಪ ಸದ್ದನ್ನಲ್ಲ.

ಬಾಕ್ಸಿಗೆ 420 ಪೌಂಡ್ ಕೊಟ್ಟೆ. ನಾಲ್ಕೂ ಟ್ರಂಪೆಟ್ಟುಗಳನ್ನು ಮುಚ್ಚಿಕೊಂಡು ಕೂರುತ್ತೆ, ಮುಂದೆ ಗ್ರಿಲ್ ಹತ್ತಿರದ ಫಿಲ್ಟರಿನಿಂದ ಒಂದು ಡಕ್ಟ್ (ಗಾಳಿ ಕೊಳವೆ) ಬರುತ್ತೆ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಗಾಡಿಯಲ್ಲಿ ಬ್ರೇಕ್ ಸರ್ವೋ (ಬ್ರೇಕ್ ಪೆಡಲಿಗೆ ಬಲ ಕೂಡಿಸುವ ಡಬ್ಬಿ) ಕೂಡ ಬಾಕ್ಸ್ ಕೂರುವ ಬದಿಗೇ, ಹಾಗಾಗಿ ಜಾಗ ಬಹಳ ಬಿಗಿ. ಹಿಂದಿನ ಮೂಲೆ ಉಜ್ಜಿ ಕೂರಿಸಲು ಎರಡು ಶನಿವಾರ ಹಿಡಿಯಿತು. ಆಮೇಲೆ ರೋಲಿಂಗ್ ರೋಡ್ (ಗಾಡಿ ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಇಂಧನ, ಕಿಡಿಯ ಲೆಕ್ಕವನ್ನು ಮತ್ತೆ ಹೊಂದಿಸಿ ಮ್ಯಾಪ್ ಮಾಡಿಸಲೇಬೇಕು, ಅದನ್ನು ಬಿಡಬೇಡಿ. ಎಂಜಿನ್ ಶಕ್ತಿ 158 ಬಿಎಚ್‌ಪಿ ಇದ್ದದ್ದು 155 ಆಯಿತು. ಓಡಿಸುವಾಗ ನನಗೆ ಗೊತ್ತಾಗಲಿಲ್ಲ.

ಅದೇ ಟ್ರ್ಯಾಕಿನಲ್ಲಿ ಈ ಸಲ 87.3 ಬಂತು. ಸಂತೋಷವಾಯಿತು, ಆದರೆ ಇದು ತೀರಾ ಅಂಚು. ಆಗ ನಾನೇ ಒಂದು ಪೈಪ್ ಸೇರಿಸಿದೆ. 6000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 200 ಸಲ ಗಾಳಿ ಎಳೆಯುತ್ತೆ. 200 ಹರ್ಟ್ಸ್ ಅಲೆಯ ಕಾಲು ಭಾಗ ಸುಮಾರು 43 ಸೆಂಟಿಮೀಟರ್. ಅಷ್ಟುದ್ದದ, ಒಂದು ತುದಿ ಮುಚ್ಚಿದ ಪೈಪನ್ನು ಡಕ್ಟಿಗೆ ಕವಲಾಗಿ ಸೇರಿಸಿದರೆ, ಒಳಹೊಕ್ಕು ತಿರುಗಿ ಬರುವ ಅಲೆ ಮೂಲ ಅಲೆಗೆ ಎದುರಾಗಿ ಅದನ್ನು ಅಡಗಿಸುತ್ತೆ. ಹನ್ನೆರಡು ಪೌಂಡಿನ ಸಾಮಾನು. ನಂತರ ಬೆಡ್‌ಫರ್ಡ್‌ನಲ್ಲಿ ಮೂರು ಸಲ ಇಡೀ ದಿನ ಓಡಿಸಿದ್ದೇನೆ, ಒಮ್ಮೆಯೂ ಬಾವುಟ ಬಂದಿಲ್ಲ.

ಇನ್ನು ದೂರು. ಬಾಕ್ಸಿನ ಒಳಗೋಡೆಗೆ ತಯಾರಕರು ಅಂಟಿಸಿ ಕೊಟ್ಟಿದ್ದ ಫೋಮ್ ಎರಡನೇ ಸೀಸನ್ನಿಗೆ ಹಪ್ಪಳದಂತೆ ಪುಡಿಯಾಯಿತು. ಮುಚ್ಚಳ ತೆಗೆದು ನೋಡಿದರೆ ಮೂರನೇ ಟ್ರಂಪೆಟ್ಟಿನ ತುಟಿಗೆ ಕಪ್ಪು ಚೂರುಗಳು ಅಂಟಿವೆ, ಬೆರಳಲ್ಲಿ ಒತ್ತಿದರೆ ಜಿಗುಟು. ಫಿಲ್ಟರ್ ದಾಟಿದ ಮೇಲಿನ ಜಾಗ ಅದು, ಅಲ್ಲಿ ಉದುರಿದ್ದೆಲ್ಲ ನೇರ ಎಂಜಿನ್ನಿಗೆ. ಎದೆ ಧಸಕ್ಕೆಂದಿತು. ಸಿಲಿಂಡರುಗಳ ಕಂಪ್ರೆಷನ್ (ಒತ್ತಡ) ನೋಡಿಸಿದೆ, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಮಾರಿದವರಿಗೆ ಫೋಟೋ ಸಮೇತ ಬರೆದರೆ ಉತ್ತರವೇ ಬರಲಿಲ್ಲ. ಫೋಮ್ ಪೂರ್ತಿ ಕೆರೆದು ತೆಗೆದು ಹಾಗೇ ಬಿಟ್ಟೆ. ಸದ್ದು ಅರ್ಧ ಡೆಸಿಬೆಲ್ಲೂ ಏರಲಿಲ್ಲ! ಕೆಲಸ ಮಾಡುತ್ತಿದ್ದದ್ದು ಬಾಕ್ಸು ಮತ್ತು ಪೈಪು. ನೀವು ಕೊಂಡರೆ ಮೊದಲ ದಿನವೇ ಫೋಮ್ ಕಿತ್ತುಹಾಕಿ. ಮುಚ್ಚಳದ ಕ್ಲಿಪ್ಪುಗಳೂ ಕಂಪನಕ್ಕೆ ಸಡಿಲಾಗುತ್ತವೆ, ನಾನು ಆರು ಬೋಲ್ಟ್ ಹಾಕಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಐಟಿಬಿ ಇಲ್ಲದ, ಮೂಲ ಮ್ಯಾನಿಫೋಲ್ಡಿನ ಎಂಎಕ್ಸ್-5ಗೆ ಇದು ಬೇಡವೇ ಬೇಡ. ಕೋನ್ ಫಿಲ್ಟರ್ ಹಾಕುವಾಗ ತೆಗೆದಿಟ್ಟ ಕಂಪನಿ ಏರ್‌ಬಾಕ್ಸು, ರೆಸೊನೇಟರ್ (ಸದ್ದು ಅಡಗಿಸುವ ಡಬ್ಬಿ) ಇರುವ ಅದರ ಅಡ್ಡ ಪೈಪು ಗ್ಯಾರೇಜಿನ ಅಟ್ಟದ ಮೇಲಿದ್ದರೆ ಇಳಿಸಿ, ಅದನ್ನೇ ವಾಪಸ್ ಹಾಕಿ.