ಎಕ್ಸ್‌ರೇಯಲ್ಲಿ ಕಾಣದ ಮೂಳೆ: ಐಸಿಯು ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ಸೇವೆ ಹೇಗಿದೆ?

ನಾನು ಐಸಿಯುನಲ್ಲಿ ಫಿಸಿಯೋಥೆರಪಿಸ್ಟ್. ನಮ್ಮಲ್ಲಿ ಹಾಸಿಗೆ ಹತ್ತಿರವೇ ಬಂದು ಅಲ್ಟ್ರಾಸೌಂಡ್ ಮಾಡುವ ಸೇವೆ ಶುರುವಾಗಿ ಒಂದು ವರ್ಷ ಆಯ್ತು. ಶ್ವಾಸಕೋಶ, ಹೃದಯಕ್ಕೆ ಎಲ್ಲರೂ ಬಳಸುತ್ತಾರೆ. ನಾನು ಬರೆಯುತ್ತಿರುವುದು ಕೀಲಿನ ಸ್ಕ್ಯಾನ್ ಬಗ್ಗೆ.

ತಲೆಗೆ ಪೆಟ್ಟು ಬಿದ್ದವರು, ಬೆನ್ನುಹುರಿಗೆ ಏಟಾದವರು, ಸುಟ್ಟ ಗಾಯದವರು, ವಾರಗಟ್ಟಲೆ ವೆಂಟಿಲೇಟರ್ ಮೇಲೆ ಇದ್ದವರು, ಇವರಲ್ಲಿ ಕೆಲವರಿಗೆ ಕೀಲಿನ ಸುತ್ತಲಿನ ಮಾಂಸದೊಳಗೆ ಮೂಳೆ ಬೆಳೆಯುತ್ತದೆ. ಹೆಟೆರೊಟೋಪಿಕ್ ಆಸಿಫಿಕೇಶನ್ ಅಂತಾರೆ. ಸೊಂಟದ ಕೀಲಿನಲ್ಲಿ ಜಾಸ್ತಿ, ಸುಟ್ಟವರಿಗೆ ಮೊಣಕೈಯಲ್ಲಿ.

ತಲೆಗೆ ಪೆಟ್ಟಾಗಿ ಬಂದ ಒಬ್ಬ ಹುಡುಗನಿಗೆ ಮೂರನೇ ವಾರ ನಡೆಯುತ್ತಿತ್ತು. ದಿನಾ 90 ಡಿಗ್ರಿವರೆಗೆ ಬಗ್ಗುತ್ತಿದ್ದ ಸೊಂಟ ಅವತ್ತು 70ಕ್ಕೇ ನಿಂತಿತು. ತೊಡೆಯ ಮೇಲ್ಭಾಗ ಬಿಸಿ, ಸ್ವಲ್ಪ ಊತ. ಬಾಯಲ್ಲಿ ಟ್ಯೂಬ್ ಇದೆ, ನೋವು ಅಂತ ಹೇಳೋಕೆ ಆಗಲ್ಲ, ಆದರೆ ಕಾಲು ಎತ್ತಿದ ತಕ್ಷಣ ಹುಬ್ಬು ಗಂಟಾಗುತ್ತಿತ್ತು, ಮಾನಿಟರ್‌ನಲ್ಲಿ ಹಾರ್ಟ್ ರೇಟ್ ಏರುತ್ತಿತ್ತು. ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇನೋ ಅನ್ನುವ ಅನುಮಾನದಲ್ಲೇ ಡಾಪ್ಲರ್‌ಗೆ, ಅಂದರೆ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್‌ಗೆ, ಕರೆದದ್ದು. ನಾಳ ಸರಿಯಾಗಿತ್ತು. ಡಾಕ್ಟರು ಅಲ್ಲಿಗೇ ಮುಗಿಸಲಿಲ್ಲ, ಪ್ರೋಬನ್ನು (ಮೈಮೇಲೆ ಇಟ್ಟು ನೋಡುವ ಸಾಧನ) ಹಾಗೇ ಪಕ್ಕದ ಮಾಂಸಖಂಡದ ಮೇಲೆ ಸರಿಸಿದರು. ನೀಟಾಗಿ ಸಾಲಾಗಿ ಕಾಣಬೇಕಾದ ಎಳೆಗಳು ಒಂದು ಕಡೆ ಕದಡಿಹೋಗಿದ್ದವು, ನಡುವೆ ಕಪ್ಪು ಜಾಗ, ಅದರ ಅಂಚಿನಲ್ಲಿ ತೆಳ್ಳಗೆ ಬಿಳಿ ಗೆರೆ. ಮೂಳೆ ಅಂಚಿನಿಂದ ಒಳಗೆ ಗಟ್ಟಿಯಾಗುತ್ತಾ ಬರುತ್ತದೆ, ಅದಕ್ಕೇ ಆ ಗೆರೆ. ಅದೇ ದಿನದ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಅದರಲ್ಲಿ ಮೋಡದಂಥ ಬಿಳುಪು ಕಂಡಿದ್ದು ಐದನೇ ವಾರದ ಹೊತ್ತಿಗೆ.

ಆ ಎರಡು ವಾರ ನನಗೆ ತುಂಬಾ ದೊಡ್ಡದು. ಬಿಗಿ ಅಂತ ಜೋರು ಮಾಡಿ ಬಗ್ಗಿಸುವುದನ್ನು ಅವತ್ತೇ ಬಿಟ್ಟೆ, ನೋವಾಗದಷ್ಟರಲ್ಲೇ ಆಡಿಸಿದೆ. ಡಾಕ್ಟರು ಕಿಡ್ನಿ ರಿಪೋರ್ಟ್ ನೋಡಿಕೊಂಡು ಉರಿಯೂತ ಕಮ್ಮಿ ಮಾಡುವ ಮಾತ್ರೆ ಶುರು ಮಾಡಿದರು.

ಬೋನ್ ಸ್ಕ್ಯಾನ್ ಕೂಡ ಬೇಗ ಹಿಡಿಯುತ್ತದೆ, ನಿಜ. ಆದರೆ ಇಂಜೆಕ್ಷನ್ ಕೊಟ್ಟು, ಗಂಟೆಗಟ್ಟಲೆ ಕಾದು ಮತ್ತೆ ಚಿತ್ರ ತೆಗೆಯಬೇಕು, ವೆಂಟಿಲೇಟರ್ ಸಮೇತ ರೋಗಿಯನ್ನು ಅಲ್ಲಿಗೆ ಸಾಗಿಸಬೇಕು. ಎಂಆರ್‌ಐಗೂ ಅದೇ ಪಾಡು. ಸಿಟಿ ಮುಂದೆ ಆಪರೇಷನ್ ಯೋಚಿಸುವಾಗ ಬೇಕೇ ಬೇಕು. ಅಲ್ಟ್ರಾಸೌಂಡ್‌ಗೆ ರೋಗಿಯನ್ನು ಕದಲಿಸಬೇಕಿಲ್ಲ, ವಿಕಿರಣ ಇಲ್ಲ, ಅನುಮಾನ ಇದ್ದರೆ ವಾರ ಬಿಟ್ಟು ಮತ್ತೆ ನೋಡಬಹುದು.

ಕೊರತೆ ಇಲ್ಲ ಅಂತಲ್ಲ. ಮಾಡುವವರ ಕೈ, ಕಣ್ಣು ಪಳಗಿರಬೇಕು. ದಪ್ಪ ಮೈಯವರಲ್ಲಿ ಸೊಂಟದ ಆಳ ಸರಿಯಾಗಿ ಕಾಣಲ್ಲ, ಡ್ರೆಸ್ಸಿಂಗ್ ಇದ್ದರೆ ಪ್ರೋಬ್ ಇಡೋಕೇ ಜಾಗ ಇಲ್ಲ. ಶುರುವಿನಲ್ಲಿ ರಕ್ತ ಕಟ್ಟಿದ್ದು, ಕೀವು ಕಟ್ಟಿದ್ದೂ ಹೆಚ್ಚುಕಮ್ಮಿ ಹೀಗೇ ಕಾಣಬಹುದು.

ನನ್ನ ದೊಡ್ಡ ಬೇಸರ ಬೇರೆ. ಎಷ್ಟೋ ಸಲ ರಿಪೋರ್ಟ್‌ನಲ್ಲಿ ‘ಹೆಪ್ಪು ಇಲ್ಲ’ ಅಂತ ಒಂದೇ ಸಾಲು ಬರುತ್ತದೆ, ಮಾಂಸಖಂಡ ನೋಡಿದ್ರಾ ಅಂತ ನಾನೇ ಫೋನ್ ಮಾಡಿ ಕೇಳಬೇಕು. ಐದಕ್ಕೆ ನಾಲ್ಕು ಕೊಡುತ್ತೇನೆ. ಈಗ ಡಾಪ್ಲರ್‌ಗೆ ಬರೆಯುವಾಗ ಚೀಟಿಯಲ್ಲಿ ‘ಸೊಂಟ 20 ಡಿಗ್ರಿ ಕಮ್ಮಿಯಾಗಿದೆ, ಸುತ್ತಲಿನ ಮಾಂಸಖಂಡವನ್ನೂ ನೋಡಿ’ ಅಂತ ಸೇರಿಸುತ್ತೇನೆ.