ನಾಸ್ ‘ರೀಡ್ ಓನ್ಲಿ’ ಆದಾಗ ನಾನು ಮಾಡಿದ್ದನ್ನು ನೀವು ಮಾಡಬೇಡಿ

ಮನೆಯ ನಾಸ್ (ಮನೆಯವರ ಫೈಲುಗಳನ್ನೆಲ್ಲ ಇಡುವ, ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ‘ವಾಲ್ಯೂಮ್ ರೀಡ್ ಓನ್ಲಿ ಆಗಿದೆ’, ಅಂದರೆ ಫೈಲುಗಳಿರುವ ಜಾಗದಿಂದ ಓದಬಹುದು, ಬರೆಯಲಾಗದು ಎಂದು ತೋರಿಸಿದರೆ ರಿಪೇರಿಗೆ ಕೈ ಹಾಕಬೇಡಿ. ಮೊದಲು ಒಳಗಿರುವುದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ನಾನು ಉಲ್ಟಾ ಮಾಡಿದೆ. ಅಪ್ಪ ವರ್ಷಗಟ್ಟಲೆ ಕೂಡಿಟ್ಟ ತಾಳಮದ್ದಳೆ ರೆಕಾರ್ಡಿಂಗ್‌ಗಳಲ್ಲಿ ಒಂದು ಪಾಲು ಹೋಯಿತು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿರುವುದು ಎರಡು ಡಿಸ್ಕಿನ ಸಣ್ಣ ನಾಸ್. ಡಿಸ್ಕ್ ತಲಾ 4 ಟಿಬಿ, ರೈಡ್ 1, ಅದರ ಮೇಲೆ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ). ರೈಡ್ 1 ಅಂದರೆ ಒಂದು ಡಿಸ್ಕಿಗೆ ಬರೆದದ್ದೇ ಇನ್ನೊಂದಕ್ಕೂ. ಅಂದಮೇಲೆ ಬ್ಯಾಕಪ್ ಇದ್ದ ಹಾಗೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. ಒಂದು ಡಿಸ್ಕ್ ಸತ್ತರೆ ರೈಡ್ ಕಾಪಾಡುತ್ತದೆ, ಅಷ್ಟೇ. ತಪ್ಪು ಬರೆದರೆ ಆ ತಪ್ಪನ್ನೂ ಎರಡೂ ಡಿಸ್ಕಿಗೆ ಶ್ರದ್ಧೆಯಿಂದ ಬರೆಯುತ್ತದೆ.

ಜುಲೈ ಮಳೆ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುತ್ತಿತ್ತು. ಮನೆಗೆ ಬಂದಿದ್ದ ತಂಗಿ ‘ಫೋನಿನ ಫೋಟೋ ನಾಸ್‌ಗೆ ಹೋಗ್ತಾ ಇಲ್ಲ’ ಎಂದಳು. ಲಾಗಿನ್ ಆಗಿ ನೋಡಿದರೆ ಆ ಸಂದೇಶ ಬಂದು ಹನ್ನೊಂದು ದಿನ ಆಗಿತ್ತು. ತೊಂದರೆ ಬಂದರೆ ಇಮೇಲ್ ಕಳಿಸುವ ಸೌಲಭ್ಯ ನಾಸ್‌ನಲ್ಲಿ ಇದೆ. ನಾನು ಅದನ್ನು ಆನ್ ಮಾಡಿರಲೇ ಇಲ್ಲ.

ಗಮನಿಸಿ, ಆ ಹೊತ್ತಿಗೆ ಎಲ್ಲ ಫೋಲ್ಡರೂ ತೆರೆಯುತ್ತಿತ್ತು. ಫೋಟೋ ಕಾಣುತ್ತಿತ್ತು, ಆಡಿಯೋ ಕೇಳುತ್ತಿತ್ತು. ಹೊಸದು ಬರೆಯಲು ಮಾತ್ರ ಆಗುತ್ತಿರಲಿಲ್ಲ. ಬಿಟಿಆರ್‌ಎಫ್‌ಎಸ್ ತನ್ನ ಮೆಟಾಡೇಟಾದಲ್ಲಿ, ಅಂದರೆ ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂಬ ಲೆಕ್ಕದಲ್ಲಿ, ಏನೋ ತಾಳೆಯಾಗದ್ದನ್ನು ಕಂಡರೆ ಬರೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಲೆಕ್ಕ ತಪ್ಪಿದ ಪುಸ್ತಕದಲ್ಲಿ ಮತ್ತೆ ಬರೆದರೆ ತಪ್ಪು ಜಾಸ್ತಿ ಆಗುತ್ತದೆ ಎಂಬ ಭಯ ಅದಕ್ಕೆ. ಇಎಕ್ಸ್‌ಟಿ4 ಎಂಬ ಇನ್ನೊಂದು ಫೈಲ್ ಸಿಸ್ಟಮ್ ಇದ್ದರೂ ಹೆಚ್ಚು ಕಡಿಮೆ ಹೀಗೇ, ದೋಷ ಕಂಡರೆ ರೀಡ್ ಓನ್ಲಿ ಆಗುವ ಹಾಗೆ ಅದನ್ನು ಹೊಂದಿಸಿರುತ್ತಾರೆ.

ನನ್ನ ಹತ್ತಿರ ಇದ್ದದ್ದು ಸುಮಾರು 2.5 ಟಿಬಿ. ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ 110 ಎಂಬಿ ವೇಗ ಸಿಕ್ಕರೆ ಆರೂವರೆ ಗಂಟೆಯ ಕೆಲಸ. ರಾತ್ರಿ ಹಚ್ಚಿಟ್ಟು ಮಲಗಿದ್ದರೆ ಬೆಳಗ್ಗೆ ಮುಗಿದಿರುತ್ತಿತ್ತು. ಹೊಸ ಡಿಸ್ಕಿಗೆ ಸುಮ್ನೆ ಯಾಕೆ ದುಡ್ಡು ಎಂದು ಅಲ್ಲಿ ಜಿಪುಣತನ ಮಾಡಿದೆ.

ಮೊದಲು ಮೂರು ಸಲ ರೀಸ್ಟಾರ್ಟ್ ಮಾಡಿದೆ. ಇದು ಅಪಾಯ ಅಂತ ಆಗ ಗೊತ್ತಿರಲಿಲ್ಲ. ಈಗ ಓದಲು ಬರುತ್ತಿರುವ ವಾಲ್ಯೂಮ್ ರೀಸ್ಟಾರ್ಟ್ ಆದಮೇಲೆ ಮೌಂಟ್ ಆಗದೇ, ಅಂದರೆ ತೆರೆದುಕೊಳ್ಳದೇ ಹೋಗಬಹುದು. ನನ್ನ ಅದೃಷ್ಟಕ್ಕೆ ಮೂರು ಸಲವೂ ಎದ್ದು ಕೂತಿತು. ಆಮೇಲೆ ಪೇಟೆಯ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆ. ಅಲ್ಲಿಯವರು ತೆರೆದೂ ನೋಡದೆ ‘ಡಿಸ್ಕ್ ಹೋಗಿದೆ, ಹೊಸದು ಹಾಕಿ ಫಾರ್ಮ್ಯಾಟ್ ಮಾಡೋಣ’ ಎಂದರು. ಮನೆಗೆ ಬಂದು ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದರೆ ಎರಡೂ ಡಿಸ್ಕಿನಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾಯಿಸಿದ ತುಂಡು) ಸೊನ್ನೆ, ಪೆಂಡಿಂಗ್ ಸೆಕ್ಟರ್ (ಕೆಟ್ಟಿರುವ ಅನುಮಾನದ ತುಂಡು) ಸೊನ್ನೆ. ಡಿಸ್ಕಿಗೆ ಏನೂ ಆಗಿರಲಿಲ್ಲ. ಅವರ ಮಾತು ಕೇಳದೇ ಇದ್ದದ್ದು ಈ ಇಡೀ ಕತೆಯಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ.

ಆಮೇಲಿನದು ಪೂರ್ತಿ ನನ್ನದೇ ತಪ್ಪು. ಯಾವುದೋ ವಿಡಿಯೋ ನೋಡಿಕೊಂಡು ಎರಡೂ ಡಿಸ್ಕ್ ಬಿಚ್ಚಿ ಹಳೇ ಡೆಸ್ಕ್‌ಟಾಪಿಗೆ ಸಿಕ್ಕಿಸಿದೆ. ಪೆನ್‌ಡ್ರೈವಿನಿಂದ ಉಬುಂಟು ಎಂಬ ಲಿನಕ್ಸ್ ಶುರು ಮಾಡಿದೆ. ಎಂಡಿಎಡಿಎಂ ಕಮಾಂಡಿನಿಂದ ರೈಡ್ ಜೋಡಿಸಿದೆ. ಡಿಮೆಸೇಜ್‌ನಲ್ಲಿ, ಅಂದರೆ ಲಿನಕ್ಸಿನ ಒಳ ಸಂದೇಶಗಳ ಪಟ್ಟಿಯಲ್ಲಿ, ‘ಪೇರೆಂಟ್ ಟ್ರಾನ್ಸ್‌ಐಡಿ ವೆರಿಫೈ ಫೇಲ್ಡ್’ ಎಂಬ ಸಾಲು ಸಾಲುಸಾಲಾಗಿ ಬಂತು. ಮೆಟಾಡೇಟಾದ ಪ್ರತಿ ತುಂಡಿಗೂ ಅದು ಎಷ್ಟನೇ ಬಾರಿಯ ಬರಹ ಎಂಬ ಸಂಖ್ಯೆ ಇರುತ್ತದೆ. ಇರಬೇಕಾದ ಸಂಖ್ಯೆ ಒಂದು, ಸಿಕ್ಕಿದ್ದು ಇನ್ನೊಂದು ಎಂದು ಆ ಸಾಲು ಹೇಳುತ್ತಿತ್ತು. ‘ಬರೆದಾಯಿತು’ ಎಂದುಕೊಂಡದ್ದು ನಿಜಕ್ಕೂ ಡಿಸ್ಕಿಗೆ ಇಳಿದೇ ಇರಲಿಲ್ಲ.

ಅದನ್ನು ಅರ್ಥ ಮಾಡಿಕೊಳ್ಳುವ ತಾಳ್ಮೆ ಯಾರಿಗಿತ್ತು? ವಿಡಿಯೋದವನು ಹೇಳಿದ ಹಾಗೆ ಬಿಟಿಆರ್‌ಎಫ್‌ಎಸ್ ಚೆಕ್ ಕಮಾಂಡಿಗೆ ‘ರಿಪೇರ್’ ಎಂಬ ಆಯ್ಕೆ ಸೇರಿಸಿ ಎಂಟರ್ ಒತ್ತಿದೆ. ಅದು ತಕ್ಷಣ ಶುರುವಾಗುವುದಿಲ್ಲ. ಡೆವಲಪರ್ ಅಥವಾ ಅನುಭವ ಇರುವವರು ಹೇಳದೆ ಇದನ್ನು ಬಳಸಬೇಡಿ ಎಂದು ಮೊದಲು ಎಚ್ಚರಿಸುತ್ತದೆ. ಆಮೇಲೆ ಹತ್ತರಿಂದ ಒಂದರವರೆಗೆ ಎಣಿಸುತ್ತದೆ, ಅಷ್ಟರೊಳಗೆ ಕಂಟ್ರೋಲ್ ಸಿ ಒತ್ತಿದರೆ ನಿಲ್ಲುತ್ತದೆ. ಹತ್ತು ಸೆಕೆಂಡ್! ಆ ಹತ್ತು ಸೆಕೆಂಡೂ ನಾನು ಚಹಾ ಕುಡಿಯುತ್ತಾ ಅಂಕಿ ಇಳಿಯುವುದನ್ನು ನೋಡುತ್ತಾ ಕೂತಿದ್ದೆ.

ಅರ್ಧಕ್ಕೇ ಎರರ್ ಕೊಟ್ಟು ನಿಂತಿತು. ಅದಾದಮೇಲೆ ವಾಲ್ಯೂಮ್ ಮೌಂಟ್ ಆಗಲೇ ಇಲ್ಲ. ಎರಡೂ ಡಿಸ್ಕ್ ರೈಡ್‌ನಲ್ಲೇ ಇದ್ದವಲ್ಲ, ಹಾಳಾದದ್ದೂ ಎರಡೂ ಕಡೆ. ನಾಸ್ ಆಫ್ ಮಾಡಿದಾಗಲೇ ಒಂದು ಡಿಸ್ಕ್ ತೆಗೆದು ಕಪಾಟಿನಲ್ಲಿ ಇಟ್ಟಿದ್ದರೂ ಸಾಕಿತ್ತು, ಮುಟ್ಟದ ಒಂದು ಪ್ರತಿ ಉಳಿಯುತ್ತಿತ್ತು. (ಹಾಗೆ ತೆಗೆದಿಟ್ಟವರು ಅದನ್ನು ಅವಸರದಲ್ಲಿ ವಾಪಸ್ ಸಿಕ್ಕಿಸಬೇಡಿ. ರೈಡ್ ಮತ್ತೆ ಹೊಂದಿಸುವಾಗ ಇನ್ನೊಂದು ಡಿಸ್ಕಿನಲ್ಲಿರುವುದನ್ನು ಅದರ ಮೇಲೆ ಬರೆದುಬಿಡುತ್ತದೆ.)

ಕಡೆಗೆ ಹೊಸ ಡಿಸ್ಕ್ ಕೊಂಡೇ ಕೊಂಡೆ. ಆ ಜಿಪುಣತನ ಎರಡು ವಾರವೂ ಬಾಳಲಿಲ್ಲ. ಕಾಲೇಜಿನ ಗೆಳೆಯನೊಬ್ಬ ಲಿನಕ್ಸ್ ಸರ್ವರ್ ನೋಡಿಕೊಳ್ಳುವವನು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಸ್ವಲ್ಪ ಬೈದು, ‘ಬಿಟಿಆರ್‌ಎಫ್‌ಎಸ್ ರಿಸ್ಟೋರ್’ ಕಮಾಂಡ್ ಹೇಳಿಕೊಟ್ಟ. ಇದು ಕೆಟ್ಟ ವಾಲ್ಯೂಮಿನ ಮೇಲೆ ಏನೂ ಬರೆಯುವುದಿಲ್ಲ, ಸಿಕ್ಕಿದ ಫೈಲುಗಳನ್ನು ಎತ್ತಿ ಬೇರೆ ಡಿಸ್ಕಿಗೆ ಹಾಕುತ್ತದೆ. ಏನೇನು ಸಿಗಬಹುದು ಎಂದು ಮೊದಲು ಪಟ್ಟಿ ಮಾತ್ರ ತೋರಿಸುವ ಆಯ್ಕೆಯೂ ಇದೆ. ಎರಡು ದಿನ ಓಡಿತು. ಫೋಟೋಗಳು ಹೆಚ್ಚುಕಡಿಮೆ ಎಲ್ಲ ಬಂದವು. ಜಮೀನಿನ ಪಹಣಿ, ಸೊಸೈಟಿ ಕಾಗದಗಳ ಸ್ಕ್ಯಾನ್ ಬಂದವು. 1992ರಿಂದ 1997ರವರೆಗಿನ ತಾಳಮದ್ದಳೆ ಫೋಲ್ಡರ್ ಮಾತ್ರ ಬರಲಿಲ್ಲ. ಅದರಲ್ಲಿ ಕೆಲವು ಫೈಲುಗಳ ಹೆಸರಷ್ಟೇ ಬಂತು, ಗಾತ್ರ ಸೊನ್ನೆ.

ಇಷ್ಟಕ್ಕೂ ಇದೆಲ್ಲ ಶುರುವಾದದ್ದು ಎಲ್ಲಿಂದ? ನಾಸ್‌ನ ಲಾಗ್ ತೆಗೆದರೆ ಜೂನ್ ಒಂದರಿಂದ ಈಚೆಗೆ ‘ಸರಿಯಾಗಿ ಶಟ್‌ಡೌನ್ ಆಗಿಲ್ಲ’ ಎಂಬ ಸಾಲು 43 ಸಲ ಇತ್ತು. ಮನೆಗೆ ಇನ್ವರ್ಟರ್ ಇದೆಯಲ್ಲ, ಇದು ಹೇಗೆ? ಎಷ್ಟೋ ಇನ್ವರ್ಟರುಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’. ನಾರ್ಮಲ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಹೊರಳುವುದು ಸ್ವಲ್ಪ ನಿಧಾನ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿಗೆ, ನಾಸ್‌ಗೆ ಆ ಕ್ಷಣ ಸಾಕು, ಆಫ್ ಆಗಿ ಮತ್ತೆ ಆನ್ ಆಗುತ್ತವೆ. ನಮ್ಮದು ನಾರ್ಮಲ್‌ನಲ್ಲಿತ್ತು. ಆರು ವರ್ಷದಿಂದ ಹಾಗೇ ಇತ್ತು. ಬರೆಯುತ್ತಿರುವಾಗ ಪ್ರಾಣ ಹೋದರೆ ಡಿಸ್ಕಿನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಕಾಯುತ್ತಿದ್ದದ್ದೂ ಹೋಯಿತು. ಈ ಸಂಜೆಯೇ ನಿಮ್ಮ ಇನ್ವರ್ಟರ್ ಹಿಂದೆ ಟಾರ್ಚ್ ಹಾಕಿ ನೋಡಿ.

ಎಲ್ಲರಿಗೂ ಇದೇ ಕಾರಣ ಅಂತಲ್ಲ. ಜಾಗ ಪೂರ್ತಿ ತುಂಬಿದರೂ ಬಿಟಿಆರ್‌ಎಫ್‌ಎಸ್ ಕೆಲವೊಮ್ಮೆ ಹೀಗೆ ಮುನಿಸಿಕೊಳ್ಳುತ್ತದೆ. ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಇರಬಹುದು. ರ್‍ಯಾಮ್ ಕೆಟ್ಟಿರಬಹುದು. ಕಾರಣ ಯಾವುದಾದರೂ ಸರಿ, ಹುಡುಕುವುದನ್ನು ಕಾಪಿ ಮುಗಿದ ಮೇಲೆ ಇಟ್ಟುಕೊಳ್ಳಿ.

ಈಗ ನಾಸ್‌ಗೆ ಅಂತಲೇ ಸಣ್ಣ ಯುಪಿಎಸ್ ಇದೆ. ಅದರ ಯುಎಸ್‌ಬಿ ಕೇಬಲ್ ನಾಸ್‌ಗೆ ಹಾಕಿದ್ದೇನೆ, ಬ್ಯಾಟರಿ ಇಳಿಯುತ್ತಾ ಬಂದರೆ ತಾನಾಗಿಯೇ ಶಟ್‌ಡೌನ್ ಆಗುತ್ತದೆ. ಕೇಬಲ್ ಹಾಕದಿದ್ದರೆ ಯುಪಿಎಸ್ ಇದ್ದೂ ಅರ್ಧ ಉಪಯೋಗ. ಇನ್ನೊಂದು ಡಿಸ್ಕ್ ಹುಬ್ಬಳ್ಳಿಯ ತಂಗಿ ಮನೆಯಲ್ಲಿದೆ, ತಿಂಗಳಿಗೊಮ್ಮೆ ಹೋದಾಗ ಕಾಪಿ ಮಾಡುತ್ತೇನೆ.

ಅಪ್ಪನಿಗೆ ಹೇಳಲು ಒಂದು ವಾರ ಹಿಡಿಯಿತು. ಕೇಳಿಸಿಕೊಂಡು ಏನೂ ಅನ್ನಲಿಲ್ಲ, ಅಟ್ಟ ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಹಳೇ ಕ್ಯಾಸೆಟ್ಟುಗಳನ್ನು ಎಸೆದಿರಲಿಲ್ಲ. ಎಣಿಸಿದರೆ 61. ಸುಮಾರು ಇಪ್ಪತ್ತಕ್ಕೆ ಬೂಷ್ಟು ಹಿಡಿದಿದೆ. ಸದ್ಯ ಸರಿಯಾಗಿ ಓಡುವ ಒಂದು ಟೇಪ್ ರೆಕಾರ್ಡರ್ ಹುಡುಕುತ್ತಿದ್ದೇನೆ.